ಸುಸ್ತು ಬಿಡುತ್ತಿಲ್ಲ, ಯಾವ ಡಾಕ್ಟರನ್ನು ಕೇಳಲಿ?



ದೆಹಲಿಯ ಕನ್ನಡಿಗರಲ್ಲಿ ನಮ್ಮ ಕಾರ್ಯಕ್ರಮಕ್ಕೆ ಹೆಚ್ಚು ಫೋನ್ ಮಾಡುವವರು ಓಲ್ಡ್ ರಾಜಿಂದರ್ ನಗರದ ಹುಡುಗ ಹುಡುಗಿಯರು. ಐಎಎಸ್ ಪರೀಕ್ಷೆಗೆ ಓದಲು ದಾವಣಗೆರೆ, ಕಲಬುರಗಿ, ಹಾಸನ ಎಲ್ಲಿಂದಲೋ ಬಂದು ನಾಲ್ಕನೇ ಮಹಡಿಯ ಪಿಜಿ ಕೋಣೆಗಳಲ್ಲಿ ಕುಳಿತವರು. ಭಾವಗೀತೆ ಕೇಳಲು ಫೋನ್ ಮಾಡಿ ಕೊನೆಗೆ ಆರೋಗ್ಯದ ಮಾತಿಗೆ ಬರುತ್ತಾರೆ. ಅವರ ಪ್ರಶ್ನೆಗಳು ಸುತ್ತಿ ಬಳಸಿ ಎರಡೇ.

ಮೊದಲನೆಯದು: "ಡೆಂಗೀ ಬಂದು ಹೋಗಿ ಮೂರು ತಿಂಗಳಾಯ್ತು, ಸುಸ್ತು ಮಾತ್ರ ಬಿಟ್ಟಿಲ್ಲ. ವೈರಸ್ ಇನ್ನೂ ಮೈಯಲ್ಲೇ ಕೂತಿದೆಯಾ? ಯಾವ ಸ್ಪೆಷಲಿಸ್ಟ್ ಹತ್ತಿರ ಹೋಗಬೇಕು?" ಎರಡನೆಯದು ಸ್ವಲ್ಪ ದನಿ ತಗ್ಗಿಸಿ ಬರುತ್ತದೆ: "ರಕ್ತದಾನಕ್ಕೆ ಹೋಗಿದ್ದೆ, ಹೆಪಟೈಟಿಸ್ ಬಿ ಪಾಸಿಟಿವ್ ಅಂದ್ರು. ನನಗೇನೂ ಆಗಿಲ್ಲ, ಆರಾಮಾಗಿದ್ದೀನಿ. ಸುಮ್ಮನಿದ್ದರೆ ನಡೆಯುತ್ತಾ?"

ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ನೋಡಿ. ಹಾಸಿಗೆ ಬಿಟ್ಟು ಏಳಲಾರದವನ ಮೈಯಲ್ಲಿ ಬಹುಶಃ ಈಗ ವೈರಸ್ಸೇ ಇಲ್ಲ. ಮೂರು ಮಹಡಿ ಹಾರಿಕೊಂಡು ಹತ್ತುವವನ ಲಿವರಿನಲ್ಲಿ ಅದು ಇಪ್ಪತ್ತು ವರ್ಷದಿಂದ ಮನೆ ಮಾಡಿರಬಹುದು. ಸುಸ್ತಿನ ಅಳತೆಗೋಲು ಹಿಡಿದು ವೈರಸ್ಸನ್ನು ಅಳೆಯಲು ಹೋದರೆ ಇಬ್ಬರೂ ದಾರಿ ತಪ್ಪುತ್ತಾರೆ. ಒಬ್ಬ ಬೇಡದ ಔಷಧಿ ನುಂಗುತ್ತಾನೆ, ಇನ್ನೊಬ್ಬ ಬೇಕಾದದ್ದನ್ನು ಬಿಡುತ್ತಾನೆ.

ಈ ಬಡಾವಣೆಯಲ್ಲಿ ಸ್ಪೆಷಲಿಸ್ಟರಿಗೆ ಬರವಿಲ್ಲ. ಸರ್ ಗಂಗಾರಾಮ್ ಆಸ್ಪತ್ರೆ ಇರುವುದೇ ಇಲ್ಲಿ. 1921ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಆಸ್ಪತ್ರೆ ಅದು. ದೇಶ ಇಬ್ಭಾಗವಾದ ಮೇಲೆ, ಆ ಕಡೆಯಿಂದ ಬಂದ ನಿರಾಶ್ರಿತರು ನೆಲೆಸಿದ ಈ ಜಾಗದಲ್ಲಿ 1951ರಲ್ಲಿ ನೆಹರೂ ಅವರು ಅದಕ್ಕೆ ಹೊಸದಾಗಿ ಅಡಿಗಲ್ಲು ಹಾಕಿದರು. ಪೂಸಾ ರಸ್ತೆಗೆ ಬಂದರೆ ಬಿ.ಎಲ್. ಕಪೂರ್ ಆಸ್ಪತ್ರೆ. ಬಸ್ಸು ಹಿಡಿದರೆ ರಾಮ್ ಮನೋಹರ್ ಲೋಹಿಯಾ, ಲೇಡಿ ಹಾರ್ಡಿಂಜ್. ವೈದ್ಯರು ಸಿಗುತ್ತಾರೆ. ಅವರ ಮುಂದೆ ಸಿಗುವ ಆ ಏಳೆಂಟು ನಿಮಿಷದಲ್ಲಿ ಏನು ಕೇಳಬೇಕು, ಏನು ಹೇಳಬೇಕು ಎಂಬುದಕ್ಕೇ ನಮ್ಮವರು ತಡವರಿಸುವುದು.

ಹೇಳುವುದರಿಂದಲೇ ಶುರು ಮಾಡೋಣ. ಕನ್ನಡ ಓದಿದವರಿಗೆ ಇದೊಂದು ತಮಾಷೆಯ ಸಂಗತಿಯೂ ಹೌದು. ನಮ್ಮ "ಸುಸ್ತು" ಫಾರಸಿಯಿಂದ ಬಂದ ಮಾತು, ಹಿಂದಿಯಲ್ಲೂ ಇದೆ. ಆದರೆ ಅಲ್ಲಿ "ಸುಸ್ತಿ" ಎಂದರೆ ಸೋಮಾರಿತನ, ಜಡತನ. "ಡಾಕ್ಟರ್ ಸಾಬ್, ಬಹುತ್ ಸುಸ್ತಿ ಹೈ" ಎಂದು ನಮ್ಮ ಹುಡುಗ ಪಾಪ ಕಷ್ಟ ಹೇಳಿಕೊಂಡರೆ, ಎದುರಿಗಿರುವವರ ಕಿವಿಗೆ "ನನಗೆ ಮೈಗಳ್ಳತನ" ಎಂದು ಬಿದ್ದಿರುತ್ತದೆ! "ಥಕಾನ್" ಎನ್ನಿ. "ಕಮ್ಜೋರಿ" ಎನ್ನಬಹುದಿತ್ತು, ಆದರೆ ರೈಲು ಹಳಿ ಪಕ್ಕದ ಗೋಡೆ ಜಾಹೀರಾತುಗಳು ಆ ಪದಕ್ಕೆ ಬೇರೆಯದೇ ಅರ್ಥ ಅಂಟಿಸಿಬಿಟ್ಟಿವೆ.

ಎಲ್ಲಕ್ಕಿಂತ ಒಳ್ಳೆಯದು ಪದ ಬಿಟ್ಟು ಕೆಲಸ ಹೇಳುವುದು. "ಮೊದಲು ಹತ್ತು ಗಂಟೆ ಓದುತ್ತಿದ್ದೆ, ಈಗ ಎರಡು ಗಂಟೆಗೆ ಅಕ್ಷರ ಮಸುಕಾಗುತ್ತದೆ." "ಎರಡನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು." "ಒಂಬತ್ತು ಗಂಟೆ ಮಲಗಿ ಎದ್ದರೂ ಮಲಗಿದ ಹಾಗೆ ಅನ್ನಿಸುವುದಿಲ್ಲ." "ಭಾನುವಾರ ಸ್ನೇಹಿತರ ಜೊತೆ ಕರೋಲ್ ಬಾಗ್ ಸುತ್ತಿದರೆ ಸೋಮವಾರ, ಮಂಗಳವಾರ ಎರಡೂ ದಿನ ನೆಲಕಚ್ಚುತ್ತೇನೆ." ಉಸಿರು ಸಾಲದಿರುವುದು, ಸ್ನಾಯುಗಳಲ್ಲಿ ಬಲವಿಲ್ಲದಿರುವುದು, ನಿದ್ದೆ ಸಾಲದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಇವೆಲ್ಲಕ್ಕೂ ನಾವು ಸುಸ್ತು ಎಂದೇ ಹೇಳುತ್ತೇವೆ. ವೈದ್ಯರಿಗೆ ಇವು ನಾಲ್ಕು ಬೇರೆ ದಾರಿಗಳು. ಕೊನೆಯ ವಾಕ್ಯವನ್ನು, ಆ ಭಾನುವಾರದ್ದನ್ನು, ನೆನಪಿಟ್ಟುಕೊಳ್ಳಿ. ಅದರ ಹತ್ತಿರ ಮತ್ತೆ ಬರುತ್ತೇನೆ.

ಮೊದಲ ಪ್ರಶ್ನೆ: ವೈರಸ್ ಇದೆಯೋ, ಬಂದು ಹೋಗಿದೆಯೋ?

ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಲ್ಯಾಬಿನ ಕಾಗದದಲ್ಲಿ "ಪಾಸಿಟಿವ್" ಎಂಬ ಒಂದೇ ಪದ ಎರಡು ಸಂಗತಿಗಳನ್ನು ಹೇಳುತ್ತದೆ. ಕೆಲವು ಪರೀಕ್ಷೆಗಳು ಹುಡುಕುವುದು ವೈರಸ್ಸನ್ನೇ, ಅಥವಾ ಅದರ ತುಣುಕನ್ನು. ಇನ್ನು ಕೆಲವು ಹುಡುಕುವುದು ವೈರಸ್ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು. ಎರಡನೆಯದು ಕಳ್ಳ ಬಂದು ಹೋದ ಮೇಲೂ ಠಾಣೆಯಲ್ಲಿ ಉಳಿಯುವ ದೂರಿನ ಪ್ರತಿಯ ಹಾಗೆ.

ಎಪ್‌ಸ್ಟೈನ್-ಬಾರ್ ಎಂಬ ವೈರಸ್ಸನ್ನೇ ನೋಡಿ. ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಅದು ಯಾವಾಗಲೋ ಸೋಂಕಿರುತ್ತದೆ, ನಮ್ಮಲ್ಲಿ ಬಹುತೇಕ ಬಾಲ್ಯದಲ್ಲೇ. ಅದರ ಐಜಿಜಿ ಪ್ರತಿಕಾಯ ಜೀವನಪೂರ್ತಿ ರಕ್ತದಲ್ಲಿರುತ್ತದೆ. ಸುಸ್ತೆಂದು ಹೋದವರಿಗೆ ದೊಡ್ಡ ಪ್ಯಾಕೇಜಿನಲ್ಲಿ ಈ ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದ ಕೂಡಲೇ "ಹಳೆಯ ವೈರಲ್ ಕಾಯಿಲೆ ಸಿಕ್ಕಿತು" ಎಂದರೆ, ಆ ಕೋಣೆಯಲ್ಲಿರುವ ಹೆಚ್ಚುಕಡಿಮೆ ಎಲ್ಲರಿಗೂ, ವೈದ್ಯರನ್ನೂ ಸೇರಿಸಿ, ಅದೇ ಕಾಯಿಲೆ ಇರಬೇಕು. ಚಿಕೂನ್‌ಗುನ್ಯಾದ ಐಜಿಎಂ ಕೂಡ ಜ್ವರ ಬಿಟ್ಟು ತಿಂಗಳುಗಟ್ಟಲೆ ಪಾಸಿಟಿವ್ ತೋರಿಸಬಹುದು. ಆದ್ದರಿಂದ ಬೆರಳಿಟ್ಟು ತೋರಿಸಿಯೇ ಕೇಳಿ: "ಇದು ವೈರಸ್ಸೋ, ಪ್ರತಿಕಾಯವೋ?"

ವೈರಸ್ ನಿಜಕ್ಕೂ ಉಳಿದುಕೊಂಡಾಗ

ದೀರ್ಘಕಾಲ ಮೈಯಲ್ಲಿ ಉಳಿದು ಹಾನಿ ಮಾಡುವ, ಆದರೆ ಔಷಧಿಗೆ ಬಗ್ಗುವ ವೈರಸ್ಸುಗಳಲ್ಲಿ ನಮ್ಮ ದೇಶದಲ್ಲಿ ಮುಖ್ಯವಾದವು ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ. ಇವತ್ತಿಗೆ ಮೊದಲೆರಡು ಸಾಕು.

ಹೆಪಟೈಟಿಸ್ ಬಿ ವಯಸ್ಸು ನೋಡಿ ವರ್ತಿಸುತ್ತದೆ. ದೊಡ್ಡವರಿಗೆ ಸೋಂಕಿದರೆ ನೂರಕ್ಕೆ ತೊಂಬತ್ತೈದು ಮಂದಿ ಅದನ್ನು ತಾವೇ ಹೊರದಬ್ಬುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ಬಂದರೆ ಲೆಕ್ಕ ತಲೆಕೆಳಗು, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ನಿಂತುಬಿಡುತ್ತದೆ. ಆರು ತಿಂಗಳ ಅಂತರದಲ್ಲಿ ಎರಡು ಸಲ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಅದು ನಿಂತಿದೆ ಎಂದರ್ಥ. ಇದಕ್ಕೆ ಲಸಿಕೆ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಅದು 2002ರ ಸುಮಾರಿಗೆ ಕೆಲವೇ ಕಡೆ ಪ್ರಾಯೋಗಿಕವಾಗಿ ಶುರುವಾಗಿ, ಇಡೀ ದೇಶಕ್ಕೆ ಬಂದದ್ದು 2011ರಲ್ಲಿ. ಇಂದು ರಾಜಿಂದರ್ ನಗರದಲ್ಲಿ ಓದುತ್ತಿರುವವರು ಅದಕ್ಕೆ ಮೊದಲು ಹುಟ್ಟಿದವರು. ದುಡ್ಡು ಕೊಟ್ಟು ಹಾಕಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮನನ್ನು ಒಮ್ಮೆ ಕೇಳಿ.

ಪಾಸಿಟಿವ್ ಬಂದವರು ಹೋಗಬೇಕಾದದ್ದು ಲಿವರ್ ತಜ್ಞರ ಬಳಿ, ಅಂದರೆ ಹೆಪಟಾಲಜಿಸ್ಟ್ ಅಥವಾ ಗ್ಯಾಸ್ಟ್ರೋಎಂಟರಾಲಜಿಸ್ಟ್. "ಮಾತ್ರೆ ಕೊಡಿ" ಎಂದು ಕೇಳುವ ಮುಂಚೆ ಕೇಳಬೇಕಾದ್ದು, ಮಾತ್ರೆ ಬೇಕೋ ಬೇಡವೋ ಎಂದು. ಅದನ್ನು ತೀರ್ಮಾನಿಸಲು ಅವರು ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಎಷ್ಟಿದೆ, ಎಸ್‌ಜಿಪಿಟಿ ಏರಿದೆಯೇ, ಲಿವರ್ ಗಟ್ಟಿಯಾಗುತ್ತಿದೆಯೇ, ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿತ್ತೇ ಎಂದೆಲ್ಲ ನೋಡುತ್ತಾರೆ. ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ಹೊಟ್ಟೆಯ ಬಲಗಡೆ ಒತ್ತಿ ತೆಗೆಯುತ್ತಾರೆ ಅಷ್ಟೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿ ಕೊಡಬೇಕಾದವರ ವ್ಯಾಪ್ತಿಯನ್ನು ಹಿಗ್ಗಿಸಿತು. "ನಿನಗೆ ಔಷಧಿ ಬೇಡ" ಎಂದು ಕೆಲವು ವರ್ಷಗಳ ಹಿಂದೆ ಹೇಳಿಸಿಕೊಂಡವರು ಈಗ ಮತ್ತೊಮ್ಮೆ ಕೇಳುವುದು ಒಳ್ಳೆಯದು.

ಔಷಧಿ ಬೇಕೆಂದರೆ ಸಾಮಾನ್ಯವಾಗಿ ಟೆನೋಫೋವಿರ್ ಅಥವಾ ಎಂಟೆಕವಿರ್, ದಿನಕ್ಕೊಂದು ಮಾತ್ರೆ. ಇದು ವೈರಸ್ಸನ್ನು ತುಳಿದು ಹಿಡಿಯುತ್ತದೆ, ಬೇರುಸಹಿತ ಕೀಳುವುದು ಅಪರೂಪ. ಅದಕ್ಕೇ ವರ್ಷಾನುಗಟ್ಟಲೆ ತೆಗೆದುಕೊಳ್ಳಬೇಕು. ಆರು ತಿಂಗಳು ನುಂಗಿ, ರಿಪೋರ್ಟ್ ನಾರ್ಮಲ್ ಬಂತೆಂದು ತಾವೇ ನಿಲ್ಲಿಸಿದರೆ ವೈರಸ್ ಒಮ್ಮೆಗೇ ಮೇಲೆದ್ದು ಲಿವರನ್ನೇ ಕೆಡವಬಹುದು. ಹೀಗೆ ನಿಲ್ಲಿಸಿಕೊಂಡು ತೀವ್ರ ನಿಗಾ ಘಟಕ ಸೇರಿದವರನ್ನು ನೋಡದ ಲಿವರ್ ವೈದ್ಯರು ಕಡಿಮೆ. ಔಷಧಿ ಬೇಡ ಎಂದವರಿಗೂ ವೈದ್ಯರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ತಪಾಸಣೆ ತಪ್ಪಬಾರದು. ಮೈಯಲ್ಲಿ ಸುಸ್ತೂ ಇರದೆ, ನೋವೂ ಇರದೆ ಲಿವರ್ ಹಾಳಾಗಬಲ್ಲದು. ಸುಸ್ತಿನ ಮಟ್ಟಕ್ಕೂ ಲಿವರಿನ ಹಾನಿಯ ಮಟ್ಟಕ್ಕೂ ತಾಳೆ ಬೀಳುವುದಿಲ್ಲ.

ಪಿಜಿಯ ಸಹವಾಸಿಗಳಿಗೂ ಒಂದು ಮಾತು. ಒಂದೇ ತಟ್ಟೆಯಲ್ಲಿ ತಿಂದರೆ, ಒಂದೇ ಬಾತ್‌ರೂಮ್ ಬಳಸಿದರೆ, ಕೈ ಕುಲುಕಿದರೆ ಹೆಪಟೈಟಿಸ್ ಬಿ ಬರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಬರುತ್ತದೆ. ರೇಜರ್, ಟೂತ್‌ಬ್ರಷ್ ಬೇರೆಯಿರಲಿ, ಉಳಿದವರು ಲಸಿಕೆ ಹಾಕಿಸಿಕೊಳ್ಳಲಿ. ಕೋಣೆ ಬಿಡಿಸುವ ಅಗತ್ಯವಿಲ್ಲ.

ನೆಲನೆಲ್ಲಿಯ ಕಥೆ

ಕಾಮಾಲೆ ಎಂದ ಕೂಡಲೇ ಊರಿನಿಂದ ಬರುವ ಸಲಹೆ ನಿಮಗೆ ಗೊತ್ತು: ನೆಲನೆಲ್ಲಿ ಅರೆದು ಹಾಲಿನಲ್ಲಿ ಕುಡಿ, ಇಂಥ ಊರಲ್ಲಿ ಇಂಥವರು ಔಷಧಿ ಕೊಡುತ್ತಾರೆ, ಪಥ್ಯ ಮಾಡು. ಇದನ್ನು ನಗುತ್ತಾ ತಳ್ಳಿಹಾಕುವವರಿಗೆ ತಿಳಿದಿರಲಿ, ಹೆಪಟೈಟಿಸ್ ಬಿ ವೈರಸ್ಸಿನ ಜಾಡು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಈ ಗಿಡದ ಹಿಂದೆ ಬಿದ್ದಿದ್ದರು. ಅವರೂ ಮದರಾಸಿನ ಸಂಶೋಧಕರೂ ಸೇರಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಸುಳ್ಳು ಮಾತ್ರೆ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಎಂಥ ಸುದ್ದಿ! ಆಮೇಲೆ ಥಾಯ್ಲೆಂಡ್ ಮುಂತಾದ ಕಡೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿದರು. ಆ ಫಲಿತಾಂಶ ಮರಳಿ ಬರಲಿಲ್ಲ. ಗಿಡ ಬೇರೆ ಜಾತಿಯದಿತ್ತೋ, ಮದರಾಸಿನ ಅಧ್ಯಯನ ಚಿಕ್ಕದಾಯಿತೋ ಎಂಬ ಚರ್ಚೆ ನಡೆಯಿತು, ಆದರೆ ಮುಂದೆ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿದವರಿಗೆ ನಂಬುವಂಥ ಪುರಾವೆ ಸಿಗಲಿಲ್ಲ.

ಹಾಗಾದರೆ ನಾಟಿ ಔಷಧಿಯಿಂದ ಕಾಮಾಲೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇವಲ್ಲ? ಕಂಡಿರುತ್ತೀರಿ. ಹೆಪಟೈಟಿಸ್ ಎ ಮತ್ತು ಇ, ಅಂದರೆ ಕೆಟ್ಟ ನೀರಿನಿಂದ ಬರುವ ಕಾಮಾಲೆ, ಬಹುಪಾಲು ಮಂದಿಯಲ್ಲಿ ತಾನೇ ವಾಸಿಯಾಗುತ್ತದೆ. ಯಾರ ಔಷಧಿ ಕುಡಿಯುತ್ತಿದ್ದಾಗ ವಾಸಿಯಾಯಿತೋ ಅವರಿಗೆ ಹೆಸರು ಬರುತ್ತದೆ. ಇನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕುಡಿದ ಅಮೃತಬಳ್ಳಿ ಕಷಾಯದ ವಿಷಯ. ಅದನ್ನು ಸೇವಿಸಿದ ಕೆಲವರಲ್ಲಿ ಲಿವರ್ ಊತ ಕಂಡದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಲಿವರಿನಲ್ಲಿ ವೈರಸ್ ಇಟ್ಟುಕೊಂಡವರು ತಮಗೆ ತೋಚಿದ ಕಷಾಯ, ಜಿಮ್ ಪುಡಿ, ಮದ್ಯ ಯಾವುದನ್ನೂ ಪ್ರಯೋಗ ಮಾಡಿ ನೋಡುವ ಹಾಗಿಲ್ಲ ಎಂದೇ ನನ್ನ ಅಭಿಪ್ರಾಯ. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಬೈದರೆ ಬೈಯಲಿ.

ಹೆಪಟೈಟಿಸ್ ಸಿ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಅದು ಈಗ ವಾಸಿಯಾಗುವ ಕಾಯಿಲೆ. ಲಸಿಕೆ ಇಲ್ಲ, ಆದರೆ ಸೊಫೊಸ್‌ಬುವಿರ್ ಜೊತೆ ಇನ್ನೊಂದು ಮಾತ್ರೆ ಸೇರಿಸಿ ಸಾಮಾನ್ಯವಾಗಿ ಹನ್ನೆರಡು ವಾರ ಕೊಟ್ಟರೆ ನೂರಕ್ಕೆ ತೊಂಬತ್ತೈದರಷ್ಟು ಮಂದಿ ಗುಣವಾಗುತ್ತಾರೆ. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಬಂದಾಗ ಸೊಫೊಸ್‌ಬುವಿರ್‌ನ ಒಂದು ಮಾತ್ರೆಗೆ ಸಾವಿರ ಡಾಲರ್ ಬೆಲೆಯಿತ್ತು. ನಮ್ಮ ದೇಶದ ಕಂಪನಿಗಳು ಪರವಾನಗಿ ಪಡೆದು ತಯಾರಿಸಿದ ಮೇಲೆ ಅದು ಕೈಗೆಟುಕುವಂತಾಯಿತು. ಇಲ್ಲೂ ಮೊದಲ ಪ್ರಶ್ನೆಯನ್ನು ಮರೆಯಬೇಡಿ. ಆಂಟಿಬಾಡಿ ಪಾಸಿಟಿವ್ ಎಂದರೆ ಸಾಲದು, ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಕಾಣಬೇಕು. ಗುಣವಾದ ಮೇಲೂ ಆಂಟಿಬಾಡಿ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಹೆದರಬೇಡಿ.

ಖರ್ಚಿನ ಮಾತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಡಿ ಗುರುತಿಸಿದ ಸರ್ಕಾರಿ ಕೇಂದ್ರಗಳಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಕರ್ನಾಟಕದಲ್ಲೂ ಉಂಟು, ದೆಹಲಿಯಲ್ಲೂ ಉಂಟು. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ "ಹೆಪಟೈಟಿಸ್ ಟ್ರೀಟ್‌ಮೆಂಟ್ ಸೆಂಟರ್ ಎಲ್ಲಿ" ಎಂದು ಕೇಳಿ. ಲಿವರಿಗೆಂದೇ ದೆಹಲಿ ಸರ್ಕಾರ ಕಟ್ಟಿದ ಸಂಸ್ಥೆ ವಸಂತ ಕುಂಜ್‌ನಲ್ಲಿದೆ.

ವೈರಸ್ ಹೋಗಿ ಸುಸ್ತು ಉಳಿದಾಗ

ಈಗ ಮೊದಲನೇ ಹುಡುಗನ ಸರದಿ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕೂನ್‌ಗುನ್ಯಾ ಶಂಕೆ ದಾಖಲಾಯಿತು, ಆ ವರ್ಷ ದೇಶದಲ್ಲೇ ಹೆಚ್ಚು. ಜ್ವರ ವಾರಕ್ಕೆ ಬಿಟ್ಟಿತು. ಆದರೆ ಎಷ್ಟೋ ಮನೆಗಳಲ್ಲಿ ಅಜ್ಜಿಯರು ವರ್ಷವಾದರೂ ಗೋಡೆ ಹಿಡಿದೇ ಎದ್ದರು. ಕೀಲುನೋವು ಮೂರು ತಿಂಗಳು ದಾಟಿದರೆ ಅದಕ್ಕೆ ರುಮಟಾಲಜಿಸ್ಟ್ ಇದ್ದಾರೆ. ಬರೀ ಸುಸ್ತಿಗೆ?

ಆಸ್ಟ್ರೇಲಿಯಾದ ಡಬ್ಬೋ ಎಂಬ ಪಟ್ಟಣದ ಸುತ್ತಮುತ್ತ ಒಂದು ಒಳ್ಳೆಯ ಅಧ್ಯಯನ ನಡೆದಿತ್ತು, 2006ರಲ್ಲೇ ಪ್ರಕಟವಾಯಿತು. ಮೂರು ಬೇರೆ ಬೇರೆ ಸೋಂಕು ತಗುಲಿದ 253 ಮಂದಿಯನ್ನು ಮೊದಲ ದಿನಗಳಿಂದಲೇ ಗಮನಿಸಿದರು. ಆರು ತಿಂಗಳಾದರೂ ಸುಸ್ತಿನಿಂದ ನರಳುತ್ತಿದ್ದವರು ನೂರಕ್ಕೆ ಸುಮಾರು ಹನ್ನೆರಡು ಮಂದಿ. ಸೋಂಕು ಯಾವುದೆಂಬುದು ಮುಖ್ಯವಾಗಲಿಲ್ಲ. ಆರಂಭದ ಕಾಯಿಲೆ ಎಷ್ಟು ಜೋರಾಗಿತ್ತು ಎಂಬುದು ಮುಖ್ಯವಾಯಿತು. ಅಂದರೆ ಇದು ಮನಸ್ಸಿನ ಭ್ರಮೆಯಲ್ಲ, ಸೋಮಾರಿತನವಂತೂ ಅಲ್ಲ. ಕೋವಿಡ್ ನಂತರ ಇಡೀ ಜಗತ್ತು ಇದನ್ನು ಒಪ್ಪಿಕೊಂಡಿತು.

ಇದಕ್ಕೆ ವೈರಸ್ ಕೊಲ್ಲುವ ಔಷಧಿ ಕೊಟ್ಟರೆ? ಅದನ್ನೂ ನೋಡಿಯಾಗಿದೆ. 1988ರಲ್ಲೇ ಅಮೆರಿಕದಲ್ಲಿ ಇಂಥ ರೋಗಿಗಳಿಗೆ ಅಸೈಕ್ಲೋವಿರ್ ಕೊಟ್ಟು ಪರೀಕ್ಷಿಸಿದರು. ಸುಳ್ಳು ಮಾತ್ರೆಗಿಂತ ಅದು ಮೇಲಾಗಲಿಲ್ಲ. ಇವತ್ತಿಗೂ ಈ ಸುಸ್ತನ್ನು ಗುಣಪಡಿಸುವ, ಪುರಾವೆಯುಳ್ಳ ಒಂದು ಮಾತ್ರೆ ಇಲ್ಲ. "ಇಮ್ಯುನಿಟಿ ಡ್ರಿಪ್", "ವೈರಲ್ ಡಿಟಾಕ್ಸ್" ಎಂದು ಸಾವಿರಾರು ರೂಪಾಯಿ ಕೇಳುವವರು ಮಾರುತ್ತಿರುವುದು ಏನನ್ನು ಎಂದು ನೀವೇ ಯೋಚಿಸಿ.

ಹಾಗೆಂದು ಕೈಕಟ್ಟಿ ಕೂರುವುದಲ್ಲ. ಮೊದಲು ಹೋಗಬೇಕಾದದ್ದು ಸ್ಪೆಷಲಿಸ್ಟರ ಹತ್ತಿರವಲ್ಲ, ಒಬ್ಬ ಒಳ್ಳೆಯ ಎಂ.ಡಿ. ಜನರಲ್ ಮೆಡಿಸಿನ್ ವೈದ್ಯರ ಹತ್ತಿರ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ವಿಟಮಿನ್ ಬಿ12 ಇವು ಸುಸ್ತಿನ ಸಾಮಾನ್ಯ ಕಾರಣಗಳು, ಪರೀಕ್ಷೆಯೂ ಸುಲಭ, ಚಿಕಿತ್ಸೆಯೂ ಇದೆ. ಸಸ್ಯಾಹಾರಿಗಳು, ಅದರಲ್ಲೂ ಪಿಜಿಯ ಆಲೂ ಪರೋಟಾದಲ್ಲೇ ದಿನ ತಳ್ಳುವವರು, ಬಿ12 ಬಗ್ಗೆ ಬಾಯಿಬಿಟ್ಟು ಕೇಳಿ. ಸಂಜೆ ಜ್ವರ, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು ಇದ್ದರೆ ಕ್ಷಯದ ಪರೀಕ್ಷೆ ತಡ ಮಾಡಬಾರದು. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮಲ ಕಪ್ಪಾಗಿ ಹೋದರೆ ಆ ದಿನವೇ ಆಸ್ಪತ್ರೆ. ಖಿನ್ನತೆಯ ಪ್ರಶ್ನೆ ಕೇಳಿದರೆ ಅವಮಾನವೆಂದು ತಿಳಿಯಬೇಡಿ. ಊರು ಬಿಟ್ಟು ಬಂದು ಒಂದೇ ಕಿಟಕಿಯ ಕೋಣೆಯಲ್ಲಿ ಮೂರು ವರ್ಷ ಓದಿದವರನ್ನು ಆ ಪ್ರಶ್ನೆ ಕೇಳದಿದ್ದರೆ ತಪ್ಪು.

ಇವೆಲ್ಲ ಸರಿಯಿದ್ದೂ ಸುಸ್ತು ಉಳಿದರೆ, ಆ ಭಾನುವಾರದ ಮಾತು ಹೇಳಿ. ಸ್ವಲ್ಪ ಹೆಚ್ಚು ಓಡಾಡಿದ್ದಕ್ಕೆ, ಹೆಚ್ಚು ಓದಿದ್ದಕ್ಕೆ, ಒಂದೆರಡು ದಿನ ಬಿಟ್ಟು ದೇಹ ದಂಡ ವಸೂಲಿ ಮಾಡುವುದು ಒಂದು ಮುಖ್ಯ ಗುರುತು. ಅದರ ಜೊತೆ ಆರು ತಿಂಗಳಿಗೂ ಹೆಚ್ಚಿನ ಸುಸ್ತು, ಮಲಗಿದರೂ ತೀರದ ನಿದ್ದೆ, ಮಂಕು ಕವಿದ ತಲೆ ಅಥವಾ ಎದ್ದು ನಿಂತರೆ ತಲೆಸುತ್ತು ಸೇರಿದರೆ ವೈದ್ಯರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದೆಂದು ನೋಡುತ್ತಾರೆ. ಅದಕ್ಕೆ ಒಂದು ರಕ್ತಪರೀಕ್ಷೆ ಎಂಬುದಿಲ್ಲ. ಜ್ವರದಲ್ಲಿ ಮಲಗಿ ಕಾಲು ಸೋತವರಿಗೆ "ದಿನಾ ಸ್ವಲ್ಪ ಹೆಚ್ಚು ನಡಿ" ಎಂಬುದು ಒಳ್ಳೆಯ ಸಲಹೆ. ಇವರಿಗೆ ಅದೇ ಸಲಹೆ ಕೆಡುಕು ಮಾಡಬಹುದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಿಂದ 2021ರಲ್ಲಿ ಆ ಬಗೆಯ ಏರಿಕೆಯ ವ್ಯಾಯಾಮವನ್ನು ಕೈಬಿಟ್ಟರು. ಬದಲಿಗೆ, ದಿನಕ್ಕೆ ಎಷ್ಟು ಶಕ್ತಿ ಇದೆಯೋ ಅದರೊಳಗೇ ಕೆಲಸ ಹಂಚಿಕೊಳ್ಳುವುದು. ಐವತ್ತು ನಿಮಿಷ ಓದಿ ಸೋಲುವುದಾದರೆ ಇಪ್ಪತ್ತೈದಕ್ಕೇ ಪುಸ್ತಕ ಮುಚ್ಚಿ ಮಲಗುವುದು. ನಿದ್ದೆ, ನೋವು, ತಲೆಸುತ್ತು ಇವುಗಳಿಗೆ ಒಂದೊಂದಾಗಿ ಚಿಕಿತ್ಸೆ ಉಂಟು, ಕೇಳಿ ಪಡೆಯಿರಿ. ಹಲವರು ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಜ್ವರ ಬಂದ ತಾರೀಕು, ಆಗಿನ ರಿಪೋರ್ಟು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ ಮತ್ತು ಕಷಾಯ, ಎರಡು ವಾರದ ದಿನಚರಿ. ಹಿಂದಿ ಬಾರದಿದ್ದರೆ ಇಂಗ್ಲಿಷಿನಲ್ಲಿ ಬರೆಯಿರಿ, ಅಥವಾ ಹಿಂದಿ ಬಲ್ಲ ಗೆಳೆಯನನ್ನು ಕರೆದೊಯ್ಯಿರಿ.

ಕೊನೆಯದಾಗಿ, ಪರೀಕ್ಷೆ. "ಈ ಸಲ ಬಿಟ್ಟರೆ ಒಂದು ಅಟೆಂಪ್ಟ್ ಹೋಗುತ್ತಲ್ಲ" ಎಂಬ ಭಯದಲ್ಲೇ ಅನೇಕರು ಮೈ ದಂಡಿಸುತ್ತಾರೆ. ಸಾಮಾನ್ಯ ವರ್ಗದವರಿಗೆ ಇರುವುದೇ ಆರು ಪ್ರಯತ್ನ, 32 ವರ್ಷದ ಮಿತಿ, ಭಯ ಸಹಜ. ಆದರೆ ನಿಯಮ ಹೀಗಿದೆ: ಅರ್ಜಿ ಹಾಕಿದ ಮಾತ್ರಕ್ಕೆ ಪ್ರಯತ್ನ ಲೆಕ್ಕಕ್ಕೆ ಬರುವುದಿಲ್ಲ. ಪ್ರಿಲಿಮ್ಸ್‌ನ ಒಂದು ಪೇಪರಿಗಾದರೂ ಹಾಜರಾದರೆ ಮಾತ್ರ ಬರುತ್ತದೆ. ವಯಸ್ಸು ಓಡುತ್ತದೆ, ಅದನ್ನು ಯಾರೂ ತಡೆಯಲಾರರು. ಆದರೆ ಅರ್ಜಿ ಹಾಕಿಟ್ಟು, ಪರೀಕ್ಷೆಯ ಹಿಂದಿನ ಸಂಜೆಯವರೆಗೂ ಮೈ ನೋಡಿಕೊಂಡು ತೀರ್ಮಾನಿಸಬಹುದು.